ನೋಟಿಸಿಗೆ ಅಂಜಿ ಮನೆ ಬರೆದುಕೊಡಬೇಡಿ

ಬಿಳಿಗೆರೆ ಹೋಬಳಿಯ ನನ್ನ ಮಕ್ಕಳೇ,

ಮೂವತ್ತೊಂದು ವರ್ಷ ಪತ್ರ ಬರೆದು ಬದುಕಿದವನು ನಾನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಆಧಾರಪತ್ರ ಎಷ್ಟು ಬರೆದೆನೋ ಲೆಕ್ಕವಿಟ್ಟಿಲ್ಲ. ಅದರಲ್ಲಿ ಒಂದು ಪತ್ರ ಮಾತ್ರ ಈಗಲೂ ನಿದ್ದೆ ಕೆಡಿಸುತ್ತದೆ.

ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದವರೊಬ್ಬರು ಮಗಳ ಮದುವೆಗೆಂದು ಮನೆಯ ಮೇಲೆ ಸಾಲ ಮಾಡಿದ್ದರು. ಕೆಲಸ ಹೋಯಿತು, ಕಂತು ನಿಂತಿತು, ಬಾಗಿಲ ಪಕ್ಕದ ಗೋಡೆಗೆ ನೋಟಿಸ್ ಅಂಟಿತು. ಮೂರನೇ ದಿನಕ್ಕೇ ಒಬ್ಬ ಬೈಕಿನಲ್ಲಿ ಬಂದ. 'ಯೋಚ್ನೆ ಮಾಡಬ್ಯಾಡಿ ಕನಣ್ಣ. ಸಾಲ ನಾನು ತೀರುಸ್ತೀನಿ. ಮನೆ ನೆಪಕ್ಕೆ ನನ್ನ ಹೆಸ್ರಲ್ಲಿ ಇರ್ಲಿ. ನೀವು ಅಲ್ಲೇ ಇರಿ. ಮೂರು ವರ್ಸದಲ್ಲಿ ದುಡ್ಡು ಕೊಡಿ, ವಾಪಸ್ ಬರ್ಕೊಡ್ತೀನಿ' ಅಂದ. ಇಬ್ಬರೂ ನನ್ನ ಮುಂದೆ ಕೂತು ಶುದ್ಧ ಕ್ರಯಪತ್ರ ಬರೆಸಿದರು. ವಾಪಸ್ ಕೊಡುವ ಮಾತನ್ನೂ ಇದರಲ್ಲೇ ಬರೆಸಿ ಎಂದು ನಾನು ಹೇಳಬೇಕಿತ್ತು. ಕೇಳದ್ದನ್ನು ಹೇಳುವುದು ನನ್ನ ಕೆಲಸವಲ್ಲ ಅಂದುಕೊಂಡು ಸುಮ್ಮನೆ ಬರೆದುಕೊಟ್ಟೆ. ವರ್ಷ ತುಂಬುವುದರೊಳಗೆ ಮನೆ ಮೂರನೆಯವರ ಪಾಲಾಗಿತ್ತು. ಹದಿನಾಲ್ಕು ಲಕ್ಷ ಬಾಳುವ ಮನೆ ಮೂರು ಲಕ್ಷದ ಸಾಲಕ್ಕೆ ಹೋಯಿತು. ಆ ಮನೆಯ ಹೆಣ್ಣುಮಗಳು ನನ್ನ ಮುಂದೆ ಬಂದು ನಿಂತು, 'ನೀವಾರ ಒಂದ್ ಮಾತು ಏಳ್ಬೋದಿತ್ತಲ್ಲಣ್ಣ' ಎಂದಳು.

ಅಂದು ಹೇಳದೆ ಉಳಿದ ಮಾತನ್ನು ಇಂದು ಹೇಳುತ್ತಿದ್ದೇನೆ.

ಮನೆ ಕಟ್ಟಿದವರೂ ಮದುವೆ ಮಾಡಿದವರೂ ಸಾಲ ಕಂಡವರೇ. ಸಾಲದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2025ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲೇ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ನಾಡೆಲ್ಲ ಓದಿತು. ಸಾಲ ಕೊಟ್ಟವರ ಕಾಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಾಲದಿಂದ ಬಿಡಿಸುತ್ತೇನೆಂದು ಬರುವವನ ಮೋಸ ಕಣ್ಣಿಗೆ ಬೀಳುವ ಹೊತ್ತಿಗೆ ಪತ್ರ ರಿಜಿಸ್ಟರ್ ಆಗಿರುತ್ತದೆ. ಅದಕ್ಕೇ ಈ ಕಿವಿಮಾತು.

ನೋಟಿಸ್ ಬಂದ ದಿನ

• ನೋಟಿಸನ್ನು ಮುಚ್ಚಿಡಬೇಡಿ. ಹೆಂಡತಿಗೆ, ಗಂಡನಿಗೆ, ಬೆಳೆದ ಮಕ್ಕಳಿಗೆ ಅದೇ ಸಂಜೆ ತೋರಿಸಿ. ನನ್ನ ಮುಂದೆ ಮನೆ ಬರೆದುಕೊಟ್ಟವರಲ್ಲಿ ಹೆಚ್ಚಿನವರು ಒಡಹುಟ್ಟಿದವರಿಗೂ ಹೇಳದೆ ಬಂದವರು. ಮೋಸ ಮಾಡುವವನಿಗೆ ಬೇಕಾದ್ದೂ ಅದೇ. 'ಯಾರ್ಗೂ ಏಳ್ಬ್ಯಾಡಿ, ಮರ್ವಾದೆ ಓಯ್ತದೆ' ಎಂದು ಅವನು ಹೇಳಿದರೆ ಆ ದಿನವೇ ಹತ್ತು ಜನಕ್ಕೆ ಹೇಳಿ.

• ನಾಳೆಯೇ ಬೀಗ ಬೀಳುವುದಿಲ್ಲ. ಬ್ಯಾಂಕುಗಳು ಅಡವಿಟ್ಟ ಮನೆಯನ್ನು ಹರಾಜು ಹಾಕುವುದು ಬಹುತೇಕ 2002ರ ಸರ್ಫೇಸಿ ಕಾಯ್ದೆಯಡಿ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಸಾಲವು ಕೆಟ್ಟ ಸಾಲ, ಬ್ಯಾಂಕಿನ ಮಾತಿನಲ್ಲಿ ಎನ್‌ಪಿಎ ಆಗುತ್ತದೆ. ಆಮೇಲೆ 60 ದಿನದ ಗಡುವು ಕೊಟ್ಟು ನೋಟಿಸ್ ಕಳಿಸಬೇಕು. ಮನೆಯನ್ನು ವಶಕ್ಕೆ ತೆಗೆದುಕೊಂಡರೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಮೊದಲ ಹರಾಜಿಗೆ ಮುನ್ನ 30 ದಿನದ ನೋಟಿಸ್ ಕೊಡಬೇಕು. ಕೂಡಿ ನೋಡಿ: ಕಂತು ತಪ್ಪಿದಂದಿನಿಂದ ಕಡಿಮೆಯೆಂದರೂ ಆರು ತಿಂಗಳು. 'ಇವತ್ತು ಸಂಜೆಯೊಳ್ಗೆ ಸಹಿ ಹಾಕದಿದ್ರೆ ಮನೆ ಓಯ್ತು' ಎನ್ನುವವನಿಗೆ ಈ ಲೆಕ್ಕ ಹೇಳಿ.

• 60 ದಿನದೊಳಗೆ ಉತ್ತರ ಬರೆಯಿರಿ. ಬಾಕಿಯ ಲೆಕ್ಕ ತಪ್ಪಿದ್ದರೆ, ಕಟ್ಟಿದ ಕಂತು ಜಮೆಯಾಗದಿದ್ದರೆ, ಕಾಯಿಲೆಯಿಂದಲೋ ಕೆಲಸ ಹೋಗಿಯೋ ಕಟ್ಟಲಾಗದಿದ್ದರೆ ಬ್ಯಾಂಕಿಗೆ ಬರಹದಲ್ಲೇ ತಿಳಿಸಿ. ನಿಮ್ಮ ಆಕ್ಷೇಪಣೆ ತಲುಪಿದ 15 ದಿನದೊಳಗೆ ಬ್ಯಾಂಕ್ ಕಾರಣ ಸಮೇತ ಉತ್ತರಿಸಬೇಕು. ಕನ್ನಡದಲ್ಲಿ ಬರೆದರೆ ಸಾಕು. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ, ಇಲ್ಲವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

• ಬ್ಯಾಂಕಿನ ಬಾಗಿಲಿಗೆ ನೀವೇ ಹೋಗಿ. ಮ್ಯಾನೇಜರ್ ಹತ್ತಿರ ಎರಡು ಲೆಕ್ಕ ಕೇಳಿ. ಒಂದು, ಬಾಕಿ ಬಿದ್ದ ಕಂತು ಮತ್ತು ಬಡ್ಡಿ ಮಾತ್ರ ಎಷ್ಟು? ಇನ್ನೊಂದು, ಸಾಲ ಪೂರ್ತಿ ತೀರಿಸಲು ಎಷ್ಟು? ಎರಡನೆಯ ಲೆಕ್ಕದ ಕಾಗದಕ್ಕೆ ಅವರು 'ಫೋರ್‌ಕ್ಲೋಷರ್ ಲೆಟರ್' ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಬಾಕಿಯಷ್ಟನ್ನೂ ಪೂರ್ತಿ ಕಟ್ಟಿದರೆ ಖಾತೆ ಎನ್‌ಪಿಎ ಪಟ್ಟಿಯಿಂದ ಹೊರಬರುತ್ತದೆ. ಹನ್ನೆರಡು ಲಕ್ಷದ ಸಾಲವೆಂದು ಕಂಗೆಟ್ಟವರಿಗೆ ಆ ಹೊತ್ತಿಗೆ ಬೇಕಾಗಿರುವುದು ಒಂದು ಲಕ್ಷವೇ ಇರಬಹುದು. ಅಷ್ಟನ್ನು ನೆಂಟರಿಷ್ಟರು ಸೇರಿ ಹೊಂದಿಸಬಹುದು. ಈ ಎರಡು ಲೆಕ್ಕ ಗೊತ್ತಿಲ್ಲದವರನ್ನೇ ದಲ್ಲಾಳಿ ಹುಡುಕಿಕೊಂಡು ಬರುವುದು.

• ಒಂದೇ ಗಂಟಿನ ತೀರುವಳಿಯನ್ನು ಬ್ಯಾಂಕಿನೊಂದಿಗೇ ಮಾತಾಡಿ. ಒಟಿಎಸ್ ಎಂದು ಕರೆಯುವ ಈ ಏರ್ಪಾಡಿನಲ್ಲಿ ಬಡ್ಡಿ, ಕೆಲವೊಮ್ಮೆ ಅಸಲಿನ ಸ್ವಲ್ಪ ಭಾಗವೂ ಕಡಿಮೆಯಾಗಬಹುದು. ಒಪ್ಪಿದ್ದನ್ನು ಬ್ಯಾಂಕಿನ ತಲೆಬರಹವಿರುವ ಪತ್ರದಲ್ಲಿ ಪಡೆಯಿರಿ. ಹಣವನ್ನು ನಿಮ್ಮ ಸಾಲದ ಖಾತೆಗೇ ಕಟ್ಟಿ. 'ಒಳಗಿನೋರು ಗೊತ್ತವ್ರೆ, ನನ್ ಕೈಲಿ ಕೊಡಿ' ಎಂದವನ ಕೈಗೆ ಒಂದು ರೂಪಾಯಿಯನ್ನೂ ಇಡಬೇಡಿ.

ಬಿಡಿಸುತ್ತೇನೆಂದು ಒಬ್ಬ ಬಂದಾಗ

• ನೋಟಿಸ್ ಬಂದದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಹರಾಜಿನ ಜಾಹೀರಾತು ಪತ್ರಿಕೆಯಲ್ಲಿರುತ್ತದೆ, ಸರ್ಕಾರಿ ಬ್ಯಾಂಕುಗಳ ಹರಾಜಿನ ಪಟ್ಟಿ 'ಬ್ಯಾಂಕ್‌ನೆಟ್' ಎಂಬ ಜಾಲತಾಣದಲ್ಲಿರುತ್ತದೆ. ಹೆಸರು, ಊರು, ಸಾಲದ ಮೊತ್ತ ನೋಡಿಕೊಂಡೇ ಬರುತ್ತಾರೆ. ನಿಮ್ಮ ವಿಷಯ ಅವನಿಗೆ ಗೊತ್ತಿದೆ ಎಂದ ಮಾತ್ರಕ್ಕೆ ಅವನು ಬ್ಯಾಂಕಿನ ಕಡೆಯವನಲ್ಲ.

• ಮುಂಗಡ ಫೀಸು ಕೇಳಿದರೆ ಬಾಗಿಲು ತೋರಿಸಿ. ಈ ಮೋಸ ನಮ್ಮೂರಿನದಷ್ಟೇ ಅಲ್ಲ. 2008ರ ಸುಮಾರಿಗೆ ಅಮೆರಿಕದಲ್ಲಿ ಲಕ್ಷಾಂತರ ಮನೆಗಳು ಹರಾಜಿಗೆ ಬಂದಾಗ ಅಲ್ಲೂ ಇಂಥವರು ಬಾಗಿಲು ಬಾಗಿಲಿಗೆ ಬಂದರು. ಸಾಲ ಕೊಟ್ಟವರಿಂದ ಬರಹದಲ್ಲಿ ಒಪ್ಪಿಗೆ ತಂದು, ಮನೆಯವರು ಅದಕ್ಕೆ ಹೂಂ ಎನ್ನುವವರೆಗೆ ಹಣ ಮುಟ್ಟುವಂತಿಲ್ಲ ಎಂದು 2010ರಲ್ಲಿ ಅಲ್ಲಿ ನಿಯಮವನ್ನೇ ಮಾಡಬೇಕಾಯಿತು. ಆ ನಿಯಮವನ್ನು ನಿಮ್ಮ ಮನೆಯ ನಿಯಮ ಮಾಡಿಕೊಳ್ಳಿ: ಕೆಲಸ ಮೊದಲು, ಕಾಗದ ಕೈಗೆ, ಆಮೇಲೆ ಹಣ.

• 'ಸಾಲಮನ್ನಾ ಸರ್ಟಿಫಿಕೇಟ್' ಎಂಬುದು ಬರೀ ಮೋಸ. ಫೀಸು ಪಡೆದು ಇಂಥ ಪ್ರಮಾಣಪತ್ರ ಹಂಚಿ, ಬ್ಯಾಂಕಿಗೆ ಸಾಲ ಕಟ್ಟಬೇಡಿ ಎಂದು ಹೇಳುತ್ತಿದ್ದವರ ಬಗ್ಗೆ ರಿಸರ್ವ್ ಬ್ಯಾಂಕೇ 2023ರ ಡಿಸೆಂಬರ್‌ನಲ್ಲಿ ಜನರನ್ನು ಎಚ್ಚರಿಸಿತು. ನಮ್ಮ ಜಿಲ್ಲೆಯ ಹುಣಸೂರಿನವರಾದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲಿ, ಋಣಪರಿಹಾರ ಕಾಯ್ದೆ ಬಂತು. ಅದು ವಿಧಾನಮಂಡಲದಲ್ಲಿ ಆದ ಕಾನೂನು, ಲೇವಾದೇವಿಯವರ ಸಾಲದಲ್ಲಿ ಬಿದ್ದ ಬಡವರಿಗಾಗಿ ಆದದ್ದು. ಸಾಲ ಮನ್ನಾ ಆಗುವುದು ಹಾಗೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಸೀಲು ಒತ್ತುವವನಿಂದ ಯಾರ ಸಾಲವೂ ತೀರುವುದಿಲ್ಲ. ಅವನ ಮಾತು ಕೇಳಿ ಕಂತು ನಿಲ್ಲಿಸಿದರೆ ಬಡ್ಡಿ ಬೆಳೆಯುತ್ತದೆ, ಹರಾಜು ಹತ್ತಿರ ಬರುತ್ತದೆ.

• 'ಸ್ಟೇ ತಂದುಕೊಡುತ್ತೇನೆ' ಎಂದರೆ ಯಾವ ನ್ಯಾಯಾಲಯದಿಂದ ಎಂದು ಕೇಳಿ. ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ತೆಗೆದುಕೊಂಡ ಕ್ರಮವನ್ನು ಪ್ರಶ್ನಿಸಬೇಕಾದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ. ಕ್ರಮವಾದ 45 ದಿನದೊಳಗೆ ಅರ್ಜಿ ಹಾಕಬೇಕು. ಇಂಥ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಸಾಮಾನ್ಯವಾಗಿ ಅಧಿಕಾರವಿಲ್ಲ. ಆದೇಶದ ಜೆರಾಕ್ಸ್ ತೋರಿಸಿದರೆ ಅದರ ಮೇಲಿನ ಪ್ರಕರಣದ ಸಂಖ್ಯೆ ಬರೆದುಕೊಂಡು ವಕೀಲರೊಬ್ಬರಿಂದ ಪರಿಶೀಲನೆ ಮಾಡಿಸಿ. ವಕಾಲತ್ತಿಗೆ ಸಹಿ ಹಾಕುವುದಾದರೆ ವಕೀಲರನ್ನು ಕಣ್ಣಾರೆ ನೋಡಿದ ಮೇಲೆಯೇ ಹಾಕಿ.

• 'ಹರಾಜಿನಲ್ಲಿ ನಾನೇ ಕೂಗಿ ನಿಮಗೇ ಕೊಡುತ್ತೇನೆ' ಎಂಬ ಮಾತಿಗೆ ಬೆಲೆಯಿಲ್ಲ. ಹರಾಜಿನಲ್ಲಿ ಕೊಂಡವನು ಮನೆಯ ಮಾಲೀಕ, ಅಷ್ಟೇ. ಸಾಲ ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವ ಮುನ್ನ ನಿಮ್ಮದು. 2016ರ ತಿದ್ದುಪಡಿ ಇದನ್ನು ಇಷ್ಟು ಬಿಗಿ ಮಾಡಿತು, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹರಾಜಿನ ದಿನದವರೆಗೂ ಸಮಯವಿದೆ ಎಂದು ಎಳೆಯುವವನು ನಿಮ್ಮ ಆ ಹಕ್ಕನ್ನೇ ಮುಳುಗಿಸುತ್ತಾನೆ.

• ಉಳಿಸಲು ಆಗದೇ ಹೋದರೆ ನೀವೇ ಮಾರಿ. ಕೇಳುವುದಕ್ಕೆ ಕಷ್ಟದ ಮಾತು, ಆದರೂ ಹೇಳಬೇಕು. 60 ದಿನದ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆ ಮನೆಯನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ. ಒಪ್ಪಿಗೆ ಕೇಳಿ, ಊರಿನ ಬೆಲೆಗೆ ಬಹಿರಂಗವಾಗಿ ಮಾರಿ, ಬ್ಯಾಂಕಿನ ಬಾಕಿ ನೇರವಾಗಿ ಬ್ಯಾಂಕಿಗೇ ಹೋಗುವಂತೆ ಮಾಡಿ, ಮಿಕ್ಕದ್ದು ನಿಮ್ಮ ಖಾತೆಗೆ ಬರಲಿ. ಬ್ಯಾಂಕೇ ಹರಾಜು ಹಾಕಿದರೂ ಸಾಲ, ಖರ್ಚು ಕಳೆದು ಉಳಿದ ಹಣ ಬರಬೇಕಾದ್ದು ನಿಮಗೇ. ಅದನ್ನು ಕೇಳಿ ಪಡೆಯಿರಿ. ಎಷ್ಟೋ ಜನ ಹರಾಜಾಯಿತೆಂದರೆ ಎಲ್ಲ ಮುಗಿಯಿತೆಂದು ಆ ಕಡೆ ತಲೆಯೇ ಹಾಕುವುದಿಲ್ಲ.

ಕಾಗದಕ್ಕೆ ಸಹಿ ಹಾಕುವ ಮುನ್ನ

• ಪತ್ರದ ತಲೆಬರಹ ಓದಿಸಿ. ಸಾಲಕ್ಕೆ ಭದ್ರತೆಯಾಗಿ ಬರೆಯುವುದು ಆಧಾರಪತ್ರ. ಶುದ್ಧ ಕ್ರಯಪತ್ರ ಎಂದಿದ್ದರೆ ನೀವು ಮನೆ ಮಾರಿದಂತೆ. ಅದರಲ್ಲಿ 'ನೆಪಕ್ಕೆ' ಎಂಬುದಿಲ್ಲ. ಬರೆದ ಪತ್ರದ ಮುಂದೆ ಬಾಯಿಮಾತು ನ್ಯಾಯಾಲಯದಲ್ಲಿ ಬಹಳ ಕಷ್ಟಕ್ಕೆ ನಿಲ್ಲುತ್ತದೆ.

• ವಾಪಸ್ ಕೊಡುವ ಷರತ್ತು ಅದೇ ಪತ್ರದಲ್ಲಿರಬೇಕು. ಇದು ನಾನು ಅಂದು ಹೇಳದ ಮಾತು, ಎರಡು ಸಲ ಓದಿ. ಹಣ ಹಿಂದಿರುಗಿಸಿದರೆ ಮನೆ ವಾಪಸ್ ಎಂಬ ಷರತ್ತು ಕ್ರಯಪತ್ರದ ಒಳಗೇ ಇದ್ದರೆ, ಅದನ್ನು ಅಡಮಾನವೆಂದು ವಾದಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಂನಲ್ಲಿ ದಾರಿಯಿದೆ. ಅಡಮಾನವೆಂದಾದರೆ ಬಿಡಿಸಿಕೊಳ್ಳುವ ದಾವೆಗೆ 30 ವರ್ಷದವರೆಗೆ ಅವಕಾಶವುಂಟು. ಅದೇ ಷರತ್ತನ್ನು ಬೇರೆ ಕಾಗದದಲ್ಲಿ ಬರೆದರೆ ಆ ದಾರಿ ಮುಚ್ಚುತ್ತದೆ. 1929ರಿಂದಲೂ ಕಾನೂನು ಹೀಗೇ ಇದೆ. 'ವಾಪಸ್ ಕೊಡೋದ್ನ ಬ್ಯಾರೆ ಅಗ್ರಿಮೆಂಟಲ್ಲಿ ಬರ್ಯಾವ' ಎನ್ನುವವನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

• ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಕೊಡಬೇಡಿ. 'ಬ್ಯಾಂಕಿಗೆ ಓಡಾಡಕ್ಕೆ ಒಂದು ಪವರ್' ಎಂದು ಕೇಳಿ, ಮಾರುವ ಅಧಿಕಾರವನ್ನೂ ಒಳಗೆ ಸೇರಿಸುತ್ತಾರೆ. ಜಿಪಿಎ ಒಂದರಿಂದಲೇ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಅದನ್ನು ಹಿಡಿದು ನಿಮ್ಮ ಪರವಾಗಿ ಬೇರೊಬ್ಬರಿಗೆ ಕ್ರಯಪತ್ರ ಮಾಡಿಕೊಡಲು ಅವನಿಗೆ ಸಾಧ್ಯ.

• ಖಾಲಿ ಕಾಗದ, ಖಾಲಿ ಚೆಕ್, ಖಾಲಿ ಛಾಪಾ ಕಾಗದ ಮೂರನ್ನೂ ಕೊಡಬೇಡಿ. ಒಟಿಪಿ ಹೇಳಬೇಡಿ. ಬೆರಳು ಒತ್ತುವ ಯಂತ್ರ ತಂದರೆ ಯಾಕೆಂದು ಕೇಳದೆ ಒತ್ತಬೇಡಿ. ಓದು ಬಾರದ ಅವ್ವ ಅಪ್ಪಂದಿರು ಹೆಬ್ಬೆಟ್ಟು ಒತ್ತುವ ಮುನ್ನ ಪತ್ರವನ್ನು ನಿಮ್ಮ ಕಡೆಯ ಮಗುವೊಂದು ಗಟ್ಟಿಯಾಗಿ ಓದಲಿ. ಹತ್ತನೇ ಕ್ಲಾಸಿನ ಹುಡುಗಿಯಾದರೂ ಸರಿ. ಪತ್ರ ಬರೆಯುವವರು ನೀವೇ ಗೊತ್ತು ಮಾಡಿದವರಾಗಿರಲಿ, ಅವನ ಕಡೆಯವರಲ್ಲ.

• ಸಬ್ ರಿಜಿಸ್ಟ್ರಾರ್ ಮುಂದೆ ನಿಜ ಹೇಳಿ. ಹಣ ಪೂರ್ತಿ ಮುಟ್ಟಿತೇ, ಒಪ್ಪಿ ಬರೆದುಕೊಡುತ್ತಿದ್ದೀರಾ ಎಂದು ಕೇಳಿದಾಗ ಪಕ್ಕದಲ್ಲಿ ನಿಂತವನ ಮುಖ ನೋಡಬೇಡಿ. ಮುಟ್ಟಿಲ್ಲ ಎಂದರೆ ಮುಟ್ಟಿಲ್ಲ ಅನ್ನಿ. ಆ ಮೇಜಿನ ಮುಂದೆ ಸುಮ್ಮನಿದ್ದವರು ಆಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ಮಾತಾಡಬೇಕಾಗಿ ಬಂದದ್ದನ್ನು ನೋಡಿದ್ದೇನೆ.

• ಜಮೀನಿನ ವಿಷಯ ಬೇರೆ. ಸರ್ಫೇಸಿ ಕಾಯ್ದೆ ವ್ಯವಸಾಯದ ಭೂಮಿಗೆ ಅನ್ವಯಿಸುವುದಿಲ್ಲ. ಆ ಕಾಯ್ದೆಯ ಹೆದರಿಕೆ ತೋರಿಸಿ ಹೊಲವನ್ನೂ ಬರೆಸಿಕೊಳ್ಳಲು ಬಂದರೆ ಒಪ್ಪಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ನಿಮ್ಮ ಬೆನ್ನಿಗಿದೆ.

• ಸಾಲ ತೀರಿದ ದಿನ ಮನೆಪತ್ರ ನಿಮ್ಮ ಕೈಗೇ ಬರಲಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಹಣ ಕಟ್ಟಿದವನು ಬೇರೆಯವನಾದರೂ ಪತ್ರ ಪಡೆಯಲು ಅವನಿಗೆ ಅಧಿಕಾರಪತ್ರ ಬರೆದುಕೊಡಬೇಡಿ. ಋಣಭಾರ ಪತ್ರದಲ್ಲಿ ಸಾಲ ತೀರಿದ್ದು ದಾಖಲಾಗಿದೆಯೇ ಎಂದೂ ನೋಡಿ.

ಕಾಟ ಕೊಟ್ಟರೆ, ಮೋಸ ಆಗಿಹೋಗಿದ್ದರೆ

• ವಸೂಲಿಗೂ ಹೊತ್ತು ಗೊತ್ತಿದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಏಜೆಂಟರು ಫೋನು ಮಾಡಿ ಕಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಕಿರುಸಾಲದ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಗೆ 2025ರ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿತ್ತು, ಆಮೇಲೆ ಅದು ಕಾಯ್ದೆಯೂ ಆಯಿತು. ಕಾಟಕ್ಕೆ ಹೆದರಿ ಮನೆ ಬರೆದುಕೊಡುವ ಮೊದಲು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ.

• ದೂರು ಕೊಡಲು ದುಡ್ಡು ಬೇಕಿಲ್ಲ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ದೂರು ಕೇಳಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448. ಫೋನಿನಲ್ಲೋ ಆನ್‌ಲೈನಿನಲ್ಲೋ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

• ಉಚಿತ ವಕೀಲರು ನಿಮ್ಮ ಹಕ್ಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕಡಿಮೆ ಆದಾಯದ ಉಳಿದವರಿಗೂ ಉಂಟು. ನಂಜನಗೂಡಿನ ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಲೋಕ ಅದಾಲತ್ತಿನಲ್ಲಿ ಬ್ಯಾಂಕಿನೊಂದಿಗೆ ರಾಜಿಗೆ ಕೂರಲು ಕೋರ್ಟ್ ಶುಲ್ಕವೂ ಇಲ್ಲ.

• ಸಹಿ ಹಾಕಿಬಿಟ್ಟಿದ್ದರೆ ಕೈಚೆಲ್ಲಬೇಡಿ, ತಡವೂ ಮಾಡಬೇಡಿ. ಪತ್ರದ ದೃಢೀಕೃತ ನಕಲು ತೆಗೆಸಿ. ಋಣಭಾರ ಪತ್ರ ತೆಗೆಸಿ ಮನೆ ಮತ್ತೊಬ್ಬರಿಗೆ ಹೋಗಿದೆಯೇ ನೋಡಿ. ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಖಾತೆ ಬದಲಾಗುತ್ತಿದ್ದರೆ ಬರಹದಲ್ಲಿ ತಕರಾರು ಕೊಡಿ. ವಂಚನೆ ಎಂದು ಠಾಣೆಗೆ ದೂರು ಕೊಡಿ. ಪತ್ರ ರದ್ದು ಮಾಡಿಸುವ ದಾವೆಗೆ ಮೋಸ ತಿಳಿದಂದಿನಿಂದ 3 ವರ್ಷವಷ್ಟೇ ಗಡುವು. 'ಇವತ್ತು ಕೊಡ್ತೀನಿ, ಹಬ್ಬ ಕಳೀಲಿ' ಎನ್ನುತ್ತಾ ಅವನು ಕಳೆಯುವುದು ಆ ಮೂರು ವರ್ಷವನ್ನೇ. ಕೋರ್ಟಿನ ಆದೇಶವಿಲ್ಲದೆ ಯಾರೋ ಬಂದು ಗದರಿಸಿದರೆಂದು ಮನೆ ಬಿಟ್ಟು ಹೊರಗೆ ಹೋಗಬೇಡಿ.

ಕೊನೆಯದಾಗಿ, ನೆರೆಹೊರೆಯವರಿಗೆ

• ಪಕ್ಕದ ಮನೆಯ ಗೋಡೆಗೆ ನೋಟಿಸ್ ಅಂಟಿದರೆ ಆಡಿಕೊಳ್ಳಬೇಡಿ, ಒಳಗೆ ಹೋಗಿ. ನಮ್ಮ ಮಾತು ಚುಚ್ಚುತ್ತದೆ ಎಂದು ಹೆದರಿಯೇ ಆ ಮನೆಯವರು ರಾತ್ರಿ ಬಂದವನಿಗೆ ಕದ ತೆಗೆಯುತ್ತಾರೆ. ಜೊತೆಗೆ ಬ್ಯಾಂಕಿಗೆ ಹೋಗಿ ಬನ್ನಿ, ಕಾಗದ ಓದಿ ಹೇಳಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ, ವಾರದ ಸಭೆಯಲ್ಲಿ ಒಂದು ದಿನ ಈ ಮಾತುಗಳನ್ನು ಗಟ್ಟಿಯಾಗಿ ಓದಿಸಿ.

• ಪತ್ರ ಬರೆಯುವ ನನ್ನ ಕಿರಿಯರೇ, ಗಿರಾಕಿ ಕೇಳಲಿ, ಕೇಳದಿರಲಿ, ಲೇಖನಿ ಊರುವ ಮುನ್ನ ಒಂದು ಪ್ರಶ್ನೆ ಕೇಳಿ: 'ನೀವು ಮನೆ ಮಾರ್ತಾ ಇದ್ದೀರೋ, ಸಾಲಕ್ಕೆ ಇಡ್ತಾ ಇದ್ದೀರೋ?' ಉತ್ತರ ತಡವರಿಸಿದರೆ ಬರೆಯಬೇಡಿ. ಅವತ್ತಿನ ಸಂಪಾದನೆ ಹೋದರೆ ಹೋಗಲಿ. ಅಂದು ನಾನು ಆ ಒಂದು ಪ್ರಶ್ನೆ ಕೇಳಿದ್ದರೆ, ನನ್ನ ಮುಂದೆ ಬಂದು ನಿಂತಿದ್ದ ಆ ತಾಯಿ ಈಗಲೂ ತನ್ನ ಅಂಗಳಕ್ಕೆ ರಂಗೋಲಿ ಇಡುತ್ತಿದ್ದಳು. ಈಗ ಅವಳು ಊರ ಕೊನೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ದಾರಿಯಲ್ಲಿ ಸಿಕ್ಕಾಗ ಇವತ್ತಿಗೂ 'ಚೆನ್ನಾಗಿದ್ದೀರಾ ಅಣ್ಣ' ಎಂದೇ ಕೇಳುತ್ತಾಳೆ. ನಿಮ್ಮಲ್ಲಿ ಯಾರನ್ನೂ ಯಾರೂ ಹಾಗೆ ಕೇಳುವಂತಾಗದಿರಲಿ.